ಹಿಲ್‌ಟಾಪ್ ಡ್ರೈವ್-ಇನ್‌ನ ನರ್ಸಮ್ಮ

ಓಹಾಯೋ ನದಿಯ ದಂಡೆಯ ನಮ್ಮ ಕಾರ್ವರ್ಸ್ ಬೆಂಡ್ ಊರಿನಲ್ಲಿ ಅರವತ್ತು ದಾಟಿದ ಯಾರನ್ನಾದರೂ ನಿಲ್ಲಿಸಿ ನರ್ಸಮ್ಮನ ಮನೆ ಎಲ್ಲಿ ಎಂದು ಕೇಳಿ, ನನ್ನ ನಾದಿನಿ ಲಿಯೋನಾ ಯುರ್ಕೊಳ ಮನೆಗೇ ಕಳಿಸುತ್ತಾರೆ. ಅವಳು ಯಾವ ಆಸ್ಪತ್ರೆಯಲ್ಲೂ ಒಂದು ದಿನ ಕೆಲಸ ಮಾಡಿದವಳಲ್ಲ. ನರ್ಸಮ್ಮ ಎಂದು ಕರೆದವರನ್ನೆಲ್ಲ ಅವಳು ಅರವತ್ತು ವರ್ಷದಿಂದ ತಿದ್ದುತ್ತಲೇ ಇದ್ದಾಳೆ. ಯಾರೂ ಕೇಳಿಸಿಕೊಳ್ಳುವುದಿಲ್ಲ. ಆ ಹೆಸರು ಅವಳಿಗೆ ಅಂಟಿದ್ದು ದೆವ್ವದ ಸಿನಿಮಾಗಳಿಂದ. ಅದನ್ನು ಕಣ್ಣಾರೆ ಕಂಡವರಲ್ಲಿ ಉಳಿದಿರುವವಳು ನಾನೊಬ್ಬಳೇ ಇರಬೇಕು. ಅದಕ್ಕೇ ಬರೆಯುತ್ತಿದ್ದೇನೆ.

೧೯೫೮ರಲ್ಲಿ ನಮಗಿಬ್ಬರಿಗೂ ಹತ್ತೊಂಬತ್ತು. ಗಾಜಿನ ಕಾರ್ಖಾನೆಯಲ್ಲಿ ಒಂದೇ ಮೇಜಿನ ಎದುರುಬದುರು ನಿಂತು ಲೋಟಗಳನ್ನು ಕಾಗದದಲ್ಲಿ ಸುತ್ತಿ ಒಣಹುಲ್ಲು ಹಾಸಿದ ಪೆಟ್ಟಿಗೆಗೆ ತುಂಬುತ್ತಿದ್ದೆವು. ಅವಳ ಅಣ್ಣ ಎಮಿಲ್ ಆಗಿನ್ನೂ ನನ್ನ ಗಂಡನಾಗಿರಲಿಲ್ಲ. ಶುಕ್ರವಾರ ಸಂಜೆ ಕೈಯಲ್ಲಿ ಹುಲ್ಲಿನ ಗೀರುಗಳಿರುವಾಗಲೇ ನಾವು ನೇರ ಲಿರಿಕ್ ಚಿತ್ರಮಂದಿರಕ್ಕೆ ಹೋಗುತ್ತಿದ್ದೆವು. ಮನೆಮನೆಗೂ ಟಿವಿ ಬಂದು ಲಿರಿಕ್ ಖಾಲಿ ಹೊಡೆಯುತ್ತಿದ್ದ ಕಾಲ ಅದು. ಮಾಲೀಕರಾದ ವೆಂಡೆಲ್ ಹಪ್ ಅವರು ಬಹಳ ಯೋಚಿಸಿ, ಟಿವಿಯವರು ತೋರಿಸಲು ಹೆದರುವಂಥದ್ದನ್ನು ತಾನು ತೋರಿಸಬೇಕೆಂದು ನಿರ್ಧರಿಸಿದ್ದರು. ವಾರಕ್ಕೊಂದು ದೆವ್ವದ ಚಿತ್ರ ಬರತೊಡಗಿತು. ಜೌಗಿನಿಂದ ಎದ್ದು ಬರುವ ಮದುಮಗಳು, ಮನುಷ್ಯರನ್ನು ನುಂಗುವ ಗೋಡೆ, ಸತ್ತ ಮೇಲೂ ಕೂದಲು ಬೆಳೆಯುತ್ತಲೇ ಇರುವ ಅರಸ. ಕಥೆ ಯಾವುದಾದರೂ ಕಿರುಚಾಟ ಒಂದೇ.

ಆ ಮಂದಿರವೇ ಅರ್ಧ ಹೆದರಿಸುತ್ತಿತ್ತು. ಗೋಡೆಯೊಳಗಿನ ಉಗಿಕೊಳವೆಗಳು ಚಳಿಗಾಲದಲ್ಲಿ ಯಾರೋ ಒಳಗಿನಿಂದ ಸುತ್ತಿಗೆಯಲ್ಲಿ ಬಡಿದಂತೆ ಸದ್ದು ಮಾಡುತ್ತಿದ್ದವು. ಬಾಲ್ಕನಿ ಮುಂದಕ್ಕೆ ವಾಲಿದೆ ಎಂದು ಎಲ್ಲರೂ ನಂಬಿದ್ದರು. ಕಾಯಿಸಿದ ಬೆಣ್ಣೆಯ ವಾಸನೆ, ಒದ್ದೆ ಉಣ್ಣೆಕೋಟುಗಳ ವಾಸನೆ ಬೆರೆತು ಮೂಗಿಗೆ ಅಡರುತ್ತಿತ್ತು. ಇಂದಿಗೂ ಒದ್ದೆ ಕೋಟನ್ನು ಮೂಗಿಗೆ ಹಿಡಿದರೆ ನನ್ನ ಬೆನ್ನು ತಣ್ಣಗಾಗುತ್ತದೆ.

ಹಪ್ ಅವರು ಇನ್ನೊಂದು ಉಪಾಯ ಹೂಡಿದರು. ಬಾಗಿಲ ಬಳಿ ಒಂದು ಮಡಚುವ ಮಂಚ, ಅದರ ಪಕ್ಕದಲ್ಲಿ ಬಿಳಿ ಉಡುಪಿನ ಒಬ್ಬ ನರ್ಸ್. ‘ಹೆದರಿ ಎಚ್ಚರ ತಪ್ಪಿದವರಿಗೆ ತಕ್ಷಣ ಆರೈಕೆ’ ಎಂದು ಹೊರಗೆ ಬೋರ್ಡು. ನಿಜವಾದ ನರ್ಸ್ ಯಾರು ಬಂದಾರು? ಎತ್ತರವಾಗಿದ್ದು, ಸುಲಭಕ್ಕೆ ನಗದ ಮುಖದವಳು ಬೇಕಿತ್ತು. ಟಿಕೆಟ್‌ಗೆ ಸಾಲಿನಲ್ಲಿ ನಿಂತಿದ್ದ ಲಿಯೋನಾಳನ್ನು ಅವರು ಕಂಡದ್ದೇ ಆಗ. ಉಡುಪನ್ನು ಅವಳ ತಾಯಿಯೇ ಹೊಲಿದು ಕೊಟ್ಟರು.

ಬೀಳುವುದಕ್ಕೂ ಒಬ್ಬ ಗೊತ್ತಾಗಿದ್ದ. ಕ್ಷೌರದಂಗಡಿಯ ಲೆಸ್ಟರ್. ಪ್ರತಿ ಶುಕ್ರವಾರ ದೆವ್ವ ಮೊದಲ ಸಲ ಮುಖ ತೋರಿಸಿದಾಗ ಅವನು ಎದ್ದುನಿಂತು, ಎದೆ ಹಿಡಿದುಕೊಂಡು ನಡುದಾರಿಯಲ್ಲಿ ಬೀಳಬೇಕು. ಲಿಯೋನಾ ಹೋಗಿ ಘಾಟು ಉಪ್ಪಿನ ಶೀಶೆ ಮೂಗಿಗೆ ಹಿಡಿದು ಎಬ್ಬಿಸಿ ಮಂಚಕ್ಕೆ ಕರೆದೊಯ್ಯಬೇಕು. ಊರಿನ ಅರ್ಧ ಜನರ ಕೂದಲು ಕತ್ತರಿಸಿದ ಕೈ ಅವನದು. ಯಾರಿಗೆ ಗುರುತು ಸಿಗುವುದಿಲ್ಲ? ಹಿಂದಿನ ಸಾಲಿನಿಂದ ಒಬ್ಬರು ಹೇಳಿದ್ದು ನೆನಪಿದೆ: “ಲೆಸ್ಟರ್, ಈ ವಾರ ಎರಡು ನಿಮಿಷ ಮುಂಚೇನೇ ಬಿದ್ಬಿಟ್ಯಲ್ಲೋ.”

ನಾನು ಮುಖ ಮುಚ್ಚಿಕೊಂಡು ಬೆರಳ ಸಂದಿಯಲ್ಲಿ ಸಿನಿಮಾ ನೋಡುತ್ತಿದ್ದರೆ ಲಿಯೋನಾ ಪರದೆಗೆ ಬೆನ್ನು ಹಾಕಿ ಜನರನ್ನು ನೋಡುತ್ತಿದ್ದಳು. ಅವಳ ಕೆಲಸವೇ ಅದು. ಜೋರಾಗಿ ಕಿರುಚುವವರಿಗೆ ಏನೂ ಆಗುವುದಿಲ್ಲ, ಸುಮ್ಮನಾಗಿ ತಮ್ಮ ಮಡಿಲನ್ನೇ ನೋಡುತ್ತ ಕೂತವರ ಮೇಲೆ ಕಣ್ಣಿಡಬೇಕು ಎಂದು ಅವಳು ಮೂರೇ ತಿಂಗಳಲ್ಲಿ ಕಂಡುಕೊಂಡಿದ್ದಳು. ಮನೆಗೆ ನಡೆದುಕೊಂಡು ಹೋಗುವಾಗ ನಾನು ಕಥೆ ಹೇಳಿದರೆ ಅವಳು ಯಾರು ಯಾವಾಗ ಬೆವರಿದರು ಎಂದು ಹೇಳುತ್ತಿದ್ದಳು.

ಹೀಗಿರುವಾಗ ಒಂದು ದಿನ, ತಂತಿಯ ಮೇಲೆ ಒಣಗಲು ಹಾಕಿದ್ದ ಬಿಳಿ ಉಡುಪನ್ನು ಕಂಡು ಪಕ್ಕದ ಬೀದಿಯ ಹೆಂಗಸೊಬ್ಬರು ಕೇಕ್ ಮಾಡಿಕೊಂಡು ಬಂದರು. ಯುರ್ಕೊ ಅವರ ಮಗಳು ನರ್ಸ್ ಆದಳೆಂದು ಅಭಿನಂದಿಸಲು. ಅವಳ ತಂದೆ ಆಂಡ್ರೂ ಯುರ್ಕೊ ಉಕ್ಕಿನ ಕುಲುಮೆಯಲ್ಲಿ ಇಪ್ಪತ್ತಾರು ವರ್ಷ ದುಡಿದ ಮನುಷ್ಯ. ನಿಜ ಹೇಳುವಷ್ಟರಲ್ಲಿ ಅವರ ಮುಖ ಕೆಂಪಾಯಿತಂತೆ. ಹೆಂಗಸು ಕೇಕನ್ನು ಅಲ್ಲೇ ಬಿಟ್ಟು ಹೋದರು. ಊಟದ ಮೇಜಿನಲ್ಲಿ ತಂದೆ ಮಗಳಿಗೆ ಹೇಳಿದ್ದು ಒಂದೇ ಮಾತು.

“ನೀನು ಹಾಕ್ಕೋತಿರೋದು ಬಟ್ಟೆ ಅಲ್ಲಮ್ಮ, ಸುಳ್ಳು.”

ಲಿಯೋನಾ ವಾದಿಸಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಮುಂದಿನ ಮಂಗಳವಾರ ಮೆಥಡಿಸ್ಟ್ ಚರ್ಚಿನ ನೆಲಮಾಳಿಗೆಯಲ್ಲಿ ನಡೆಯುತ್ತಿದ್ದ ರೆಡ್ ಕ್ರಾಸ್‌ನ ಪ್ರಥಮ ಚಿಕಿತ್ಸೆಯ ತರಗತಿಗೆ ಹೆಸರು ಕೊಟ್ಟಳು. ಪಾಠ ಹೇಳುತ್ತಿದ್ದವರು ಯುದ್ಧದಲ್ಲಿ ನರ್ಸ್ ಆಗಿದ್ದ ಮಿಸೆಸ್ ಕ್ವಿಗ್ಲಿ. ಕಲಿಯಲು ಬಂದವರು ಹೆಚ್ಚಾಗಿ ಸ್ಕೌಟ್ ಹುಡುಗಿಯರು. ಅವರ ನಡುವೆ ಇವಳು ಕಂಬದ ಹಾಗೆ ಕೂರುತ್ತಿದ್ದಳು. ಮೊದಲ ಹಂತ ಮುಗಿಸಿ ಎರಡನೆಯದು ಮುಗಿಸಿದಳು. ಆಮೇಲೆ ಮತ್ತೆ ಮೊದಲಿನಿಂದ ಶುರುಮಾಡಿದಳು. ನನಗೆ ಇದು ಅತಿಯೆನಿಸಿ ಕೇಳಿಯೇಬಿಟ್ಟೆ.

“ಯಾರಾದ್ರೂ ನಿಜವಾಗ್ಲೂ ಬಿದ್ರೆ ಏನೇ ಮಾಡ್ಲಿ? ಲೆಸ್ಟರ್‌ಗೆ ಹೇಳ್ದಂಗೆ, ಸಾಕು ಏಳಪ್ಪ ಅನ್ಲಾ?” ಎಂದಳು.

ಕಟ್ಟು ಕಟ್ಟುವುದನ್ನು ಅಭ್ಯಾಸ ಮಾಡಲು ಅವಳು ಅಣ್ಣನನ್ನು ಕುರ್ಚಿಯಲ್ಲಿ ಕೂರಿಸುತ್ತಿದ್ದಳು. ಇನ್ನೊಂದು ತುದಿ ಹಿಡಿಯಲು ನಾನು ಹೋಗುತ್ತಿದ್ದೆ. ನನ್ನ ಮದುವೆಯ ಅರ್ಧ ಮಾತುಕತೆ ಎಮಿಲ್‌ನ ದವಡೆಗೆ ಪಟ್ಟಿ ಸುತ್ತುತ್ತಲೇ ನಡೆಯಿತು. ಬಾಯಿ ಬಿಡಲಾಗದೆ ತಲೆಯಾಡಿಸಿದ್ದನ್ನೇ ನಾನು ಒಪ್ಪಿಗೆ ಎಂದುಕೊಂಡೆ ಎಂದು ಅವನು ಕೊನೆಯವರೆಗೂ ಛೇಡಿಸುತ್ತಿದ್ದ.

ಬೇಸಿಗೆಯಲ್ಲಿ ಹಪ್ ಅವರು ಲಿರಿಕ್‌ಗೆ ಬೀಗ ಹಾಕಿ ಗುಡ್ಡದ ಮೇಲೆ ಹಿಲ್‌ಟಾಪ್ ಡ್ರೈವ್-ಇನ್ ನಡೆಸುತ್ತಿದ್ದರು. ಇನ್ನೂರು ಕಾರುಗಳು ಪರದೆಗೆ ಮುಖಮಾಡಿ ಸಾಲಾಗಿ ನಿಲ್ಲುವ ಬಯಲು. ಪ್ರತಿ ಕಾರಿನ ಕಿಟಕಿಗೂ ಕಂಬದಿಂದ ತೆಗೆದು ತೂಗುಹಾಕುವ ಒಂದು ಧ್ವನಿಪೆಟ್ಟಿಗೆ. ಅಲ್ಲಿ ನೋಡಿದಂಥ ಸಿನಿಮಾ ನಾನು ಇನ್ನೆಲ್ಲೂ ನೋಡಿಲ್ಲ. ಮಕ್ಕಳು ರಾತ್ರಿಯುಡುಪಿನಲ್ಲೇ ಬಂದು ಹಿಂದಿನ ಸೀಟಿನಲ್ಲಿ ನಿದ್ದೆಹೋಗುತ್ತಿದ್ದರು. ಲಿಯೋನಾಳ ತಾಯಿ ಕೋಸಿನೆಲೆಯಲ್ಲಿ ಸುತ್ತಿ ಬೇಯಿಸಿದ ಮಾಂಸದ ಉಂಡೆಗಳನ್ನು ಬಿಸಿಯಾಗಿಯೇ ಕಟ್ಟಿಕೊಡುತ್ತಿದ್ದರು. ಎರಡನೆಯ ರೀಲಿನ ಹೊತ್ತಿಗೆ ನದಿಯಿಂದ ಮಂಜು ಮೇಲೆ ಬಂದು ಪರದೆಯ ಕಾಲನ್ನು ನುಂಗುತ್ತಿತ್ತು. ದೆವ್ವ ಸಿನಿಮಾದೊಳಗಿದೆಯೋ ನಮ್ಮ ಗುಡ್ಡದಲ್ಲಿದೆಯೋ ತಿಳಿಯುತ್ತಿರಲಿಲ್ಲ.

ಅಲ್ಲಿ ನರ್ಸನ್ನು ಕರೆಯುವ ಕ್ರಮ ಬೇರೆ. ‘ಭಯ ತಡೆಯಲಾಗದಿದ್ದರೆ ಹೆಡ್‌ಲೈಟ್ ಹಾಕಿ, ನರ್ಸ್ ಬರುತ್ತಾರೆ’ ಎಂದು ಹಪ್ ಬೋರ್ಡು ಬರೆಸಿದ್ದರು.

೧೯೬೦ರ ಆಗಸ್ಟಿನಲ್ಲಿ ಒಮ್ಮೆ ಹಪ್ ಅವಳಿಗೆ ರಜೆ ಕೊಟ್ಟು ತಮ್ಮ ಹೆಂಡತಿಯನ್ನು ಆ ಕೆಲಸಕ್ಕೆ ನಿಲ್ಲಿಸಿದರು. ಲಿಯೋನಾ ಎಮಿಲ್‌ನ ಕಾರಿನಲ್ಲಿ ನಮ್ಮಿಬ್ಬರ ನಡುವೆ ಕೂತು ಮೊಟ್ಟಮೊದಲ ಸಲ ಪೂರ್ತಿ ದೆವ್ವದ ಸಿನಿಮಾ ನೋಡಿದಳು. ಜೌಗಿನ ಮದುಮಗಳು ಮುಸುಕು ತೆಗೆದದ್ದೇ ತಡ, ಇವಳು ಕಿರುಚಿದ ಕಿರುಚಿಗೆ ಎಮಿಲ್‌ನ ಕೈಯಲ್ಲಿದ್ದ ಉಂಡೆ ಗಾಜಿಗೆ ಹೋಗಿ ಬಡಿಯಿತು. ಅವಳು ಜಾರಿ ನಮ್ಮ ಕಾಲ ಬಳಿ ಮುದುಡಿ ಕೂತಿದ್ದಳು. ಪಕ್ಕದ ಕಾರಿನವರು ಕರುಣೆಯಿಂದ ತಮ್ಮ ಹೆಡ್‌ಲೈಟ್ ಹಾಕಿದರು. ಮಿಸೆಸ್ ಹಪ್ ಓಡಿಬಂದು ಟಾರ್ಚು ಬಿಟ್ಟು ನೋಡಿದರೆ ರೋಗಿ ಲಿಯೋನಾ. “ನೀನು ಜನರ ಮುಖ ನೋಡ್ಕೊಂಡಿರೋದೇ ವಾಸಿ ಕಣಮ್ಮ” ಎಂದು ಹೇಳಿ ಹೋದರು.

ನಾನು ಹೇಳಹೊರಟ ಸಂಗತಿ ಆದದ್ದು ಮಾರನೆಯ ವರ್ಷ ಜೂನಿನಲ್ಲಿ. ಶನಿವಾರ, ಮನುಷ್ಯರನ್ನು ನುಂಗುವ ಗೋಡೆಯ ಚಿತ್ರ. ಹೈಸ್ಕೂಲು ಮುಗಿಸಿದ ಹುಡುಗರು ಗುಂಪುಗುಂಪಾಗಿ ಬಂದಿದ್ದರು. ಕತ್ತಲಾಗುತ್ತಲೇ ಅಲ್ಲೊಂದು ಇಲ್ಲೊಂದು ಹೆಡ್‌ಲೈಟ್ ಹತ್ತತೊಡಗಿತು. ಲಿಯೋನಾ ಪ್ರತಿ ಸಲವೂ ಟಾರ್ಚು, ಚೀಲ ಹಿಡಿದು ಬಿಳಿ ಬೂಟಿನಲ್ಲಿ ಕೆಸರು ತುಳಿಯುತ್ತ ಹೋಗುತ್ತಿದ್ದಳು. ನಾನು ಜೊತೆಯಲ್ಲಿದ್ದೆ. ಒಬ್ಬ ಅಂಗಿಯ ಗುಂಡಿ ಬಿಚ್ಚಿ, “ನರ್ಸಮ್ಮ, ಇಲ್ಲಿ, ಎದೆ ಹತ್ರಾನೇ ನೋವು” ಎಂದ.

“ನಿಮ್ಮಮ್ಮನ್ನ ಕರೀಲಾ? ಮೂರನೇ ಸಾಲಲ್ಲೇ ಇದಾರೆ,” ಎಂದಳು ಲಿಯೋನಾ. ಗುಂಡಿಗಳು ಒಂದೊಂದಾಗಿ ಮುಚ್ಚಿಕೊಂಡವು.

ಹೀಗೆ ಹನ್ನೆರಡು ಸಲವಾಯಿತು. ತಿಂಡಿಕಟ್ಟೆಯ ಬಳಿ ನಿಂತಿದ್ದ ಹಪ್‌ಗೇ ಅಯ್ಯೋ ಅನ್ನಿಸಿತು. ಹುಡುಗರು ಗೋಳುಹೊಯ್ದುಕೊಳ್ಳುತ್ತಿದ್ದಾರೆ, ಇನ್ನು ಹೋಗಬೇಡ ಎಂದರು.

“ಲೈಟ್ ಹಾಕಿದ್ರೆ ಬರ್ತಾರೆ ಅಂತ ಬೋರ್ಡ್ ಬರೆಸಿದೋರು ನೀವೇ ಯಜಮಾನ್ರೇ. ನಾನು ಹೋಗ್ದಿದ್ರೆ ಅದು ಮೋಸ ಆಗುತ್ತೆ,” ಎಂದಳು ಲಿಯೋನಾ. ಅಷ್ಟರಲ್ಲಿ ಕೊನೆಯ ಸಾಲಿನಲ್ಲಿ ಇನ್ನೊಂದು ಬೆಳಕು ಹತ್ತಿತು. ಹುಡುಗರು ಹಾಕಿ ಆರಿಸುತ್ತಿದ್ದರು, ಇದು ಆರಲಿಲ್ಲ. ಅವಳು ಮಾತು ಅಲ್ಲಿಗೇ ಬಿಟ್ಟು ನಡೆದಳು.

ಉದ್ದನೆಯ ಹಳೆಯ ಕಾರು. ಹಿಂದೆ ಎರಡು ಮಕ್ಕಳು ನಿದ್ದೆಯಲ್ಲಿದ್ದವು. ಹೆಂಡತಿ ನೀವಾ ಟಿಪ್ಟನ್, ಗಂಡ ಗಾರ್ಲಂಡ್. ಕಲ್ಲುಗಣಿಯಲ್ಲಿ ಲಾರಿ ಓಡಿಸುತ್ತಿದ್ದ ದೊಡ್ಡ ಆಳು. ಅವನ ಅಂಗಿ ನೀರಿನಲ್ಲಿ ಅದ್ದಿದಂತಿತ್ತು. ಕೈ ನಡುಗುತ್ತಿತ್ತು. ಹೆಂಡತಿ ಮುಟ್ಟಿದರೆ ತಳ್ಳುತ್ತಿದ್ದ. ಏನೋ ಬಯ್ಯುತ್ತಿದ್ದ, ಒಂದು ಮಾತೂ ಸರಿಯಾಗಿ ಹೊರಡುತ್ತಿರಲಿಲ್ಲ. ಕುಡಿದಿದ್ದಾನೆ ಬಿಡಿ ಎಂದು ಪಕ್ಕದ ಕಾರಿನವರು ಹೇಳಿದರು. ಲಿಯೋನಾ ಕಿಟಕಿಯೊಳಗೆ ಬಗ್ಗಿ ಅವನ ಉಸಿರು ಮೂಸಿದಳು. ಮದ್ಯದ ವಾಸನೆಯಿಲ್ಲ. ಯಾವ ಔಷಧಿ ತೆಗೆದುಕೊಳ್ಳುತ್ತಾರೆ ಎಂದು ಕೇಳಿದಳು.

ನೀವಾ ಸುತ್ತಲೂ ನೋಡಿ ದನಿ ತಗ್ಗಿಸಿದಳು. ಮೂರು ವಾರದ ಹಿಂದೆ ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದ್ದರು. ಸಂಜೆ ಚುಚ್ಚುಮದ್ದು ಆಗಿತ್ತು. ಊಟ ಇಲ್ಲೇ ಮಾಡೋಣವೆಂದು ಬಂದರೆ ತಿಂಡಿಕಟ್ಟೆಯಲ್ಲಿ ಉದ್ದ ಸಾಲು. ಮಧ್ಯಂತರದಲ್ಲಿ ತಿಂದರಾಯಿತು ಅಂದಿದ್ದ.

“ಅರ್ಲೀನ್, ಓಡು,” ಎಂದಳು ಲಿಯೋನಾ ನನ್ನತ್ತ ತಿರುಗದೆ. “ಕೋಲಾ ತಗೊಂಬಾ. ಚುಚ್ಚುಮದ್ದಾಗಿ ಊಟ ತಪ್ಪಿ ಇವರ ರಕ್ತದಲ್ಲಿ ಸಕ್ಕರೆ ಇಳಿದುಬಿಟ್ಟಿದೆ, ಸಕ್ಕರೆ ಎಷ್ಟು ಸಿಕ್ಕುತ್ತೋ ಅಷ್ಟೂ ತಾ. ಆಂಬುಲೆನ್ಸ್‌ಗೆ ಫೋನ್ ಮಾಡೋಕೆ ಹೇಳು.”

ನಾನು ಕಾರುಗಳ ನಡುವೆ ಓಡಿದೆ. ಪರದೆಯ ಮೇಲೆ ಗೋಡೆ ಒಬ್ಬ ಪೊಲೀಸನನ್ನು ನುಂಗುತ್ತಿತ್ತು. ಇನ್ನೂರು ಧ್ವನಿಪೆಟ್ಟಿಗೆಗಳಿಂದ ಒಂದೇ ಸಲ ಅವನ ಕೂಗು. ಹಪ್ ಪ್ರಶ್ನೆ ಕೇಳದೆ ಕೋಲಾ ಶೀಶೆಗಳನ್ನೂ ಕಾಗದದ ಲೋಟಗಳನ್ನೂ ತೆಗೆದು ಕೊಟ್ಟರು, ಕಾಫಿಗೆ ಇಟ್ಟಿದ್ದ ಸಕ್ಕರೆ ಡಬ್ಬಿಯನ್ನೇ ನನ್ನ ಕಂಕುಳಿಗೆ ತುರುಕಿ ಫೋನಿನತ್ತ ಹೋದರು. ನಾನು ಹಿಂದಿರುಗುವಷ್ಟರಲ್ಲಿ ಲಿಯೋನಾ ಅವನ ಪಕ್ಕದ ಸೀಟಿಗೆ ಬಂದು, ಬೆನ್ನಿಗೆ ಕೈಕೊಟ್ಟು ನೆಟ್ಟಗೆ ಕೂರಿಸಿದ್ದಳು. ಮೊದಲು ಎರಡೇ ಹನಿ ಕೊಟ್ಟು ನುಂಗುತ್ತಾನೆಯೇ ಎಂದು ನೋಡಿದಳು. ನುಂಗಿದ. ಆಮೇಲೆ ಗುಟುಕು ಗುಟುಕಾಗಿ. ಒಮ್ಮೆ ಅವನು ಕೈಬೀಸಿದ ಹೊಡೆತಕ್ಕೆ ಅರ್ಧ ಲೋಟ ಅವಳ ಎದೆಯ ಮೇಲೆ ಚೆಲ್ಲಿತು. ಅವಳು ಇನ್ನೊಂದು ಲೋಟಕ್ಕೆ ಕೈಚಾಚಿದಳು, ಅಷ್ಟೆ. ಅವಳ ಮುಖದಲ್ಲಿ ನನಗೆ ಹೆದರಿಕೆ ಕಾಣಲಿಲ್ಲ.

ಕಾಲುಗಂಟೆ ಹಿಡಿಯಿತು. ನಡುಕ ನಿಂತಿತು. ಅವನು ಕಣ್ಣು ಕಿರಿದುಮಾಡಿ ಅವಳನ್ನು ನೋಡಿ, “ನೀನ್ಯಾರು?” ಎಂದ.

“ನಾನು ಲಿಯೋನಾ. ಇನ್ನೊಂದು ಗುಟುಕು ಕುಡೀರಿ.”

ಹಿಂದೆ ಮಲಗಿದ್ದ ಮಕ್ಕಳನ್ನು ತಿರುಗಿ ನೋಡಿ ಅವನು ಮುಖ ಮುಚ್ಚಿಕೊಂಡ.

ಆಗಲೇ ಆಂಬುಲೆನ್ಸ್ ಬಂತು. ಆ ಕಾಲದಲ್ಲಿ ನಮ್ಮ ಕಡೆ ಆಂಬುಲೆನ್ಸ್ ಎಂದರೆ ಶವಸಂಸ್ಕಾರದ ಅಂಗಡಿಯವರ ಗಾಡಿಯೇ. ಹೆಣ ಹೊರುವ ಅದೇ ಕರಿ ವಾಹನದ ಮೇಲೆ ಒಂದು ಕೆಂಪು ದೀಪ ಸಿಕ್ಕಿಸಿಕೊಂಡು ಬರುತ್ತಿದ್ದರು. ದೆವ್ವದ ಸಿನಿಮಾದ ನಟ್ಟನಡುವೆ ಗುಡ್ಡದ ದಾರಿಯಲ್ಲಿ ಹೆಣದ ಗಾಡಿ ಮೆಲ್ಲಗೆ ಹತ್ತಿಬಂದರೆ ಜನ ಏನೆಂದುಕೊಳ್ಳಬೇಕು? ಹಪ್ ಅವರ ಹೊಸ ಉಪಾಯವೆಂದುಕೊಂಡರು. ಒಂದು ಕಾರು ಹಾರ್ನ್ ಹೊಡೆಯಿತು, ಆಮೇಲೆ ಇನ್ನೂರು ಕಾರುಗಳೂ ಹೊಡೆದವು. ಬಾನೆಟ್ಟಿನ ಮೇಲೆ ಹತ್ತಿ ಚಪ್ಪಾಳೆ ತಟ್ಟಿದರು. ಹುಡುಗರು ದಾರಿಗೇ ಬಂದು ಕುಣಿದರು. ಗಾಡಿ ಮುಂದೆ ಸಾಗದೆ ನಿಂತಿತು.

ಲಿಯೋನಾ ಕಾರಿನಿಂದಿಳಿದು ಹೋಗಿ ಗಾಡಿಯ ಮುಂದೆ ನಿಂತಳು. ಬಿಳಿ ಉಡುಪಿನ ತುಂಬ ಕಂದು ಕಲೆ. ಅವಳು ಒಂದು ಕೈಯೆತ್ತಿ ಹಿಡಿದು ಹುಡುಗರ ಕಡೆಗೆ ನಡೆದಳು. ಅವಳ ಮುಖ ನೋಡಿದವರು ಸರಿದರು. ಅವರ ಹಿಂದಿನವರೂ ಸರಿದರು. ಅವಳು ದಾಟಿದ ಸಾಲಿನಲ್ಲೆಲ್ಲ ಹಾರ್ನ್ ನಿಂತಿತು. ಅಷ್ಟರಲ್ಲಿ ಪರದೆ ಬರಿ ಬಿಳುಪಾಯಿತು. ಪ್ರತಿ ಕಿಟಕಿಯಲ್ಲೂ ಹಪ್ ಅವರ ದನಿ ಬಂತು. ಇದು ಆಟವಲ್ಲ, ಒಬ್ಬರಿಗೆ ಹುಷಾರಿಲ್ಲ, ದಯವಿಟ್ಟು ದಾರಿ ಬಿಡಿ ಎಂದರು. ಆಮೇಲೆ ಗುಡ್ಡದ ಮೇಲೆ ಜೀರುಂಡೆಗಳ ಸದ್ದಷ್ಟೇ ಇತ್ತು. ಇನ್ನೂರು ಕಾರುಗಳ ಜನ ನೋಡುತ್ತಿದ್ದುದು ನನ್ನ ಗೆಳತಿಯನ್ನು. ಅವಳು ನನ್ನವಳು ಎಂದು ಎಲ್ಲರಿಗೂ ಕೂಗಿ ಹೇಳಬೇಕೆಂದು ನನಗೆ ಅನ್ನಿಸಿತು.

ಗಾರ್ಲಂಡ್ ಗಾಡಿ ನೋಡಿ ಹಿಂದೆ ಸರಿದ.

“ಇದ್ರಲ್ಲಾ? ನಾನಿನ್ನೂ ಸತ್ತಿಲ್ಲ.”

“ಅದಕ್ಕೇ ಮುಂದಿನ ಸೀಟಲ್ಲಿ ಕೂತ್ಕೊಳ್ಳಿ,” ಎಂದಳು ಲಿಯೋನಾ.

ಸೋಮವಾರ ಹಪ್ ಕಾರ್ಖಾನೆಯ ಬಾಗಿಲಿಗೇ ಬಂದರು. ಪತ್ರಿಕೆಗೆ ಕೊಡಲು ಜಾಹೀರಾತು ಬರೆದು ತಂದಿದ್ದರು: ಹಿಲ್‌ಟಾಪ್‌ನಲ್ಲಿ ಭಯದಿಂದ ಸಾವಿನಂಚಿಗೆ ಹೋದ ಗಂಡಸು, ನಮ್ಮ ನರ್ಸ್ ಕಾಪಾಡಿದಳು, ನೋಡುವ ಧೈರ್ಯ ನಿಮಗಿದೆಯೇ? ಅವರು ಕೆಟ್ಟವರಲ್ಲ. ಇದರಿಂದ ಲಿಯೋನಾಳಿಗೂ ಹೆಸರು ಬರುತ್ತದೆಂದೇ ತಿಳಿದಿದ್ದರು. ಕಾಯಿಲೆಯ ಸುದ್ದಿ ಗಣಿಯವರಿಗೆ ತಿಳಿದರೆ ಲಾರಿ ಕೆಲಸ ಹೋಗುತ್ತದೆಂದು ನೀವಾ ಅಳುತ್ತ ಹೇಳಿಕೊಂಡಿದ್ದು ನಮ್ಮಿಬ್ಬರಿಗೇ ಗೊತ್ತಿತ್ತು. ಲಿಯೋನಾ ಕಾಗದ ಓದಿ ಹಿಂದಕ್ಕೆ ಕೊಟ್ಟಳು.

“ಅವರು ಹೆದರಿರಲಿಲ್ಲ ಯಜಮಾನ್ರೇ, ಹಸ್ದಿದ್ರು. ನಿಮ್ ಸಿನಿಮಾನ ನೋಡ್ಲೇ ಇಲ್ಲ ಅವರು.”

“ಹೆಸರು ಹಾಕಲ್ಲಮ್ಮ.”

“ಇಷ್ಟು ಚಿಕ್ಕ ಊರಲ್ಲಿ ಹೆಸರು ಬೇಕಾ? ನೀವು ಇದನ್ನ ಹಾಕ್ಸಿದ್ರೆ ನಾನು ಇದೇ ಬಟ್ಟೆ ಹಾಕ್ಕೊಂಡು ಟಿಕೆಟ್ ಕಿಟಕಿ ಪಕ್ಕ ನಿಂತು, ಇದೆಲ್ಲ ಸುಳ್ಳು ಅಂತ ಬಂದೋರಿಗೆಲ್ಲ ಹೇಳ್ತೀನಿ.”

ಹಪ್ ಕಾಗದ ಮಡಚಿ ಜೇಬಿಗಿಟ್ಟುಕೊಂಡರು. ಮುಂದಿನ ವಾರದಿಂದ ತಿಂಡಿಕಟ್ಟೆಯಲ್ಲಿ ಹುಷಾರಿಲ್ಲದವರು ಸಾಲಿನಲ್ಲಿ ನಿಲ್ಲಬೇಕಾಗಿಲ್ಲ ಎಂಬ ನಿಯಮ ಬಂತು.

ಆದರೂ ಸುದ್ದಿ ಹೇಗೋ ಅವಳ ತಂದೆಗೆ ಮುಟ್ಟಿತು. ಶನಿವಾರ ಸಂಜೆ ಅವರು ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡು ಎಮಿಲ್‌ನ ಕಾರಿನಲ್ಲಿ ಕೂತರು. ಹುಟ್ಟಿದಾರಭ್ಯ ಡ್ರೈವ್-ಇನ್ ಕಂಡಿರದ ಮನುಷ್ಯ. ಚಿತ್ರ ಶುರುವಾದರೂ ಅವರು ಕುತ್ತಿಗೆ ತಿರುಗಿಸಿ ಹಿಂದೆಯೇ ನೋಡುತ್ತಿದ್ದರು. ಲಿಯೋನಾ ಸಾಲುಗಳ ನಡುವೆ ಟಾರ್ಚು ಹಿಡಿದು ಹೋಗುತ್ತಿದ್ದಳು. ಒಮ್ಮೆ ಪಕ್ಕದ ಕಾರಿನ ಅಪರಿಚಿತನಿಗೆ ಕಿಟಕಿಯಿಂದ ಹೇಳಿದರು: “ಅಲ್ಲಿ ಹೋಗ್ತಿದಾಳಲ್ಲ, ಅವಳು ನನ್ನ ಮಗಳು.” ಮನೆಗೆ ಬಂದಾಗ ಅವಳ ತಾಯಿ ಸಿನಿಮಾ ಹೇಗಿತ್ತೆಂದು ಕೇಳಿದರು. “ಯಾವ ಸಿನಿಮಾ?” ಎಂದರು ಅವರು.

ಲಿಯೋನಾ ಇನ್ನೂ ಎರಡು ಬೇಸಿಗೆ ಆ ಉಡುಪು ಹಾಕಿದಳು. ಆಮೇಲೆ ಜನಕ್ಕೆ ಅಂಥ ಉಪಾಯಗಳು ಹಳತಾದವು. ಅವಳು ತರಗತಿ ಬಿಡಲಿಲ್ಲ. ಮಿಸೆಸ್ ಕ್ವಿಗ್ಲಿ ತೀರಿಕೊಂಡ ಮೇಲೆ ಪಾಠ ಹೇಳುವವಳು ಅವಳೇ ಆದಳು.

೧೯೬೮ರಲ್ಲಿ ಶವಸಂಸ್ಕಾರದ ಅಂಗಡಿಯವರು ಆಂಬುಲೆನ್ಸ್ ಕೆಲಸ ನಮ್ಮಿಂದಾಗದು ಎಂದು ಕೈಚೆಲ್ಲಿದರು. ಬೆಂಕಿ ಆರಿಸುವ ಸ್ವಯಂಸೇವಕರು ತಾವೇ ಒಂದು ದಳ ಕಟ್ಟಲು ಹೊರಟರು. ಹನ್ನೊಂದು ಗಂಡಸರು, ಒಂದು ಹಳೆಯ ವ್ಯಾನು. ತರಬೇತಿ ಕೊಡಬಲ್ಲ ಪ್ರಮಾಣಪತ್ರ ಇದ್ದದ್ದು ಊರಿಗೆಲ್ಲ ಲಿಯೋನಾಳ ಹತ್ತಿರ ಮಾತ್ರ. ಬಂದು ಕೇಳಿದರು. ಕಲಿಸುತ್ತೇನೆ, ಆದರೆ ದಳದ ಪಟ್ಟಿಯಲ್ಲಿ ನನ್ನ ಹೆಸರೂ ಇರಬೇಕು ಎಂದಳು. ಹೆಂಗಸು ಸ್ಟ್ರೆಚರ್ ಎತ್ತಿಯಾಳೇ ಎಂದು ಅವರಿಗೆ ಅನುಮಾನ. ದಿನವಿಡೀ ಗಾಜಿನ ಪೆಟ್ಟಿಗೆ ಎತ್ತುವವಳಿಗೆ ಈ ಪ್ರಶ್ನೆ. ಆರು ವಾರ ಚರ್ಚೆ ನಡೆಯಿತು. ಕೊನೆಗೆ ಅವಳು ಸಭೆಗೆ ಹೋಗಿ, ದಳದ ಮುಖ್ಯಸ್ಥನನ್ನೇ ನೆಲದ ಮೇಲೆ ಮಲಗಲು ಹೇಳಿ, ಎತ್ತಿ ಹೆಗಲಿಗೆ ಹಾಕಿಕೊಂಡು ಕೋಣೆಯನ್ನು ಒಂದು ಸುತ್ತು ಹಾಕಿದಳು. ಅಂದೇ ಹೆಸರು ಬರೆದರು.

ಮೂವತ್ತೊಂದು ವರ್ಷ ಅವಳು ಆ ದಳದಲ್ಲಿದ್ದಳು. ಸಂಬಳವಿಲ್ಲದ ಕೆಲಸ. ನದಿ ಉಕ್ಕಿದ ವರ್ಷ ದೋಣಿಯಲ್ಲಿ ಹೋಗಿ ಹೆರಿಗೆ ಮಾಡಿಸಿ ತಾಯಿ ಮಗು ಇಬ್ಬರನ್ನೂ ಕರೆತಂದಳು. ಎಲ್ಲರೂ ಬದುಕಲಿಲ್ಲ; ಅಂಥ ದಿನ ಅವಳು ನಮ್ಮ ಅಡಿಗೆಮನೆಗೆ ಬಂದು ಸುಮ್ಮನೆ ಕೂತು, ಕಾಫಿ ಕುಡಿದು ಹೋಗುತ್ತಿದ್ದಳು. ಅವಳು ಕಲಿಸಿದವರಲ್ಲಿ ಇಬ್ಬರು ನಿಜವಾದ ನರ್ಸ್ ಆದರು, ಒಬ್ಬಳು ಡಾಕ್ಟರಾದಳು. ಲಿರಿಕ್ ಈಗ ಜಮಖಾನದ ಅಂಗಡಿ. ಹಿಲ್‌ಟಾಪ್‌ನ ಪರದೆಯನ್ನು ಎಂಬತ್ತೇಳರ ಬಿರುಗಾಳಿ ಹೊತ್ತೊಯ್ದಿತು. ಆ ಜಾಗದಲ್ಲಿ ಜೋಳ ಬೆಳೆಯುತ್ತಾರೆ.

ಎಮಿಲ್ ಹೋದ ಮೇಲೆ ನಾವಿಬ್ಬರೇ ಒಟ್ಟಿಗಿದ್ದೇವೆ. ಇಬ್ಬರಿಗೂ ಎಂಬತ್ತಾರು. ಮೊಣಕಾಲು ನೋವು ಬಂದ ಮೇಲೆ ಅವಳು ಕುರ್ಚಿಯಲ್ಲಿ ಕೂತೇ ಪಾಠ ಹೇಳುತ್ತಾಳೆ. ಹೋದ ಅಕ್ಟೋಬರಿನಲ್ಲಿ ನನ್ನನ್ನೂ ಸೇರಿಸಿ ಇಪ್ಪತ್ತೆರಡು ಜನ ಇದ್ದರು. ಇಷ್ಟು ವರ್ಷ ಜೊತೆಗಿದ್ದು ನಾನೇ ಕಲಿಯಲಿಲ್ಲವಲ್ಲ ಎಂದು ನಾನೂ ಹೆಸರು ಕೊಟ್ಟೆ. ಕೊನೆಯ ದಿನದ ಪರೀಕ್ಷೆಯಲ್ಲಿ ಇಪ್ಪತ್ತೊಂದು ಜನ ಪಾಸಾದರು. ಮೊಣಕೈಗೆ ನಾನು ಕಟ್ಟಿದ ಪಟ್ಟಿಯನ್ನು ಅವಳು ಒಂದೇ ಬೆರಳಿನಿಂದ ಬಿಚ್ಚಿ ತೋರಿಸಿ, ಎಲ್ಲರೆದುರೇ ನನ್ನನ್ನು ಫೇಲ್ ಮಾಡಿದಳು. ಜನವರಿಯಲ್ಲಿ ಮತ್ತೆ ಬಾ ಎಂದಳು. ಹೋಗಬೇಕೆಂದಿದ್ದೇನೆ.